ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತೆ, ಕೂತರೆ ಹೋಗುತ್ತೆ: ಇದು ಗ್ಯಾಸಾ, ಹಾರ್ಟಾ?

ಪ್ರಶ್ನೆ: ನನಗೆ 46 ವರ್ಷ. ಅರಸೀಕೆರೆ ಹತ್ತಿರ ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ಆರು ತಿಂಗಳಿಂದ ರಾತ್ರಿ ಊಟ ಮಾಡಿ ಮಲಗಿದ ಮೇಲೆ ಎದೆ ಉರಿ, ಹುಳಿ ತೇಗು. ಡಾಕ್ಟರು ಗ್ಯಾಸ್ಟ್ರಿಕ್ ಅಂದು ಮಾತ್ರೆ ಕೊಟ್ಟರು. ತಗೊಂಡರೆ ಕಡಿಮೆ ಆಗುತ್ತೆ. ಇದಲ್ಲದೆ ಎಡಗಡೆ ಎದೆಯಲ್ಲಿ ಆಗಾಗ ಸೂಜಿ ಚುಚ್ಚಿದ ಹಾಗೆ ಆಗಿ ಹೋಗುತ್ತೆ. ಮೂರು ವಾರದಿಂದ ಇನ್ನೊಂದು ಶುರುವಾಗಿದೆ. ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ, ಅಕ್ಕಿ ಮೂಟೆ ಎತ್ತಿಡುವಾಗ ಎದೆ ಮಧ್ಯೆ ಬಿಗಿದ ಹಾಗೆ ಆಗಿ ದವಡೆವರೆಗೂ ಎಳೆಯುತ್ತೆ. ನಿಂತರೆ ನಾಲ್ಕೈದು ನಿಮಿಷಕ್ಕೆ ಹೋಗುತ್ತೆ. ಇಸಿಜಿ ಮಾಡಿಸಿದೆ, ನಾರ್ಮಲ್ ಬಂತು. ತಂದೆಗೆ 52ನೇ ವಯಸ್ಸಿಗೆ ಬೈಪಾಸ್ ಆಗಿತ್ತು. ನನಗೆ ಬಿಪಿ ಇದೆ, ಸಕ್ಕರೆ ಬಾರ್ಡರಿನಲ್ಲಿದೆ, ದಿನಕ್ಕೆ ಐದಾರು ಬೀಡಿ ಸೇದುತ್ತೇನೆ. 2025ರಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಹಾರ್ಟ್ ಅಟ್ಯಾಕ್‌ನಿಂದ ಆದ ಸಾವುಗಳ ಸುದ್ದಿ ಕೇಳಿದಾಗಿನಿಂದ ನಿದ್ದೆ ಸರಿಯಾಗಿ ಬರ್ತಿಲ್ಲ. ಅಪ್ಪು ಹೋದಾಗ ಅವರಿಗೂ 46 ಅಲ್ವಾ? ಜೇಬಲ್ಲಿ ಸಾರ್ಬಿಟ್ರೇಟ್ ಇಟ್ಟುಕೋ ಅಂತ ಗೆಳೆಯ ಹೇಳಿದ. ಜೋರಾಗಿ ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಆಂಜಿಯೋಗ್ರಾಂ ಅಂದರೆ ಭಯ, ಖರ್ಚಿನ ಭಯವೂ ಇದೆ. ಮೆಟ್ಟಿಲಿನ ವಿಷಯ ಹೆಂಡತಿಗೆ ಹೇಳಿಲ್ಲ, ಸುಮ್ನೆ ಹೆದರುತ್ತಾಳೆ. ಇದು ಗ್ಯಾಸಾ, ಹಾರ್ಟಾ? ಏನು ಮಾಡಲಿ?

ಉತ್ತರ: ಮೊದಲು ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೀವು ಈ ವಾರವೇ ಹೃದಯದ ಡಾಕ್ಟರನ್ನಾಗಲಿ, ಒಳ್ಳೆಯ ಫಿಸಿಷಿಯನ್ ಅನ್ನಾಗಲಿ ನೋಡಬೇಕು. ಮುಂದಿನ ತಿಂಗಳು ಅಂತ ಇಟ್ಟುಕೊಳ್ಳಬೇಡಿ, ಹಬ್ಬ ಮುಗಿಯಲಿ ಅನ್ನಬೇಡಿ. ಅಲ್ಲಿಯವರೆಗೆ ಮೂಟೆ ಎತ್ತಬೇಡಿ, ಮೇಲ್ಸೇತುವೆ ಹತ್ತಬೇಡಿ. ಅದರ ಮಧ್ಯೆ ಈ ಬಿಗಿತ ಸುಮ್ನೆ ಕೂತಿದ್ದಾಗಲೇ ಬಂದರೆ, ಅಥವಾ ನಿಂತ ಮೇಲೂ ಹತ್ತು ಹದಿನೈದು ನಿಮಿಷ ಹೋಗದಿದ್ದರೆ, ವಾರವನ್ನೂ ಕಾಯುವಂತಿಲ್ಲ. ಆ ಕ್ಷಣವೇ 108ಕ್ಕೆ ಫೋನ್ ಮಾಡಬೇಕು.

ಈಗ ಕಾರಣಕ್ಕೆ ಬರೋಣ. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನೀವು ಒಂದು ನೋವಿನ ಬಗ್ಗೆ ಕೇಳಿದ್ದೀರಿ, ಆದರೆ ಬರೆದಿರುವುದು ಮೂರು ನೋವು. ಮೂರಕ್ಕೂ ಒಂದೇ ಹೆಸರು ಹುಡುಕುತ್ತಿದ್ದೀರಿ. ತೊಂದರೆ ಇರುವುದು ಅಲ್ಲೇ. ಗ್ಯಾಸ್ಟ್ರಿಕ್ ಇರುವವರಿಗೆ ಹೃದಯದ ನೋವು ಬರಬಾರದು ಅಂತ ಏನೂ ಇಲ್ಲ. ಎರಡೂ ಒಂದೇ ಎದೆಯಲ್ಲಿ, ಒಂದೇ ವಾರದಲ್ಲಿ ಇರಬಹುದು.

ರಾತ್ರಿ ಮಲಗಿದಾಗ ಬರುವ ಉರಿ, ಹುಳಿ ತೇಗು ನೋಡಿದರೆ ಅದು ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರುವ ತೊಂದರೆಯ ಹಾಗೇ ಕಾಣುತ್ತದೆ. ಅಂಗಡಿ ಮುಚ್ಚಿ ಹತ್ತು ಗಂಟೆಗೆ ಹೊಟ್ಟೆ ತುಂಬಾ ಉಂಡು, ಹತ್ತೂವರೆಗೆ ಮಲಗುವವರಲ್ಲಿ ಇದು ಬಹಳ ಸಾಮಾನ್ಯ. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಬಿಡಿ, ತಲೆಯ ಕಡೆ ಮಂಚದ ಕಾಲಿಗೆ ಒಂದು ಇಟ್ಟಿಗೆ ಕೊಡಿ, ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿ. ಬಹುಪಾಲು ಇಷ್ಟಕ್ಕೇ ತಗ್ಗುತ್ತದೆ.

ಎಡಗಡೆ ಸೂಜಿ ಚುಚ್ಚಿದ ಹಾಗೆ ಆಗುವುದು ಹೆಚ್ಚಾಗಿ ಪಕ್ಕೆಲುಬಿನ ನಡುವಿನ ಮಾಂಸಖಂಡದ್ದು, ಇಲ್ಲವೇ ಪಕ್ಕೆಲುಬು ಎದೆಯ ನಡುಮೂಳೆಗೆ ಸೇರುವ ಕಡೆಯ ಮೃದು ಎಲುಬಿನದ್ದು. ಮೂಟೆ ಎತ್ತುವವರಲ್ಲಿ, ಲೋಡ್ ಇಳಿಸುವವರಲ್ಲಿ ಇದನ್ನು ಜಾಸ್ತಿ ನೋಡುತ್ತೇನೆ. ಕ್ಷಣಮಾತ್ರ ಚುಚ್ಚಿ ಹೋಗುವ ನೋವು ಹೃದಯದ್ದಾಗಿರುವುದು ಅಪರೂಪ. ಆದರೆ ಜನ ಹೆದರುವುದು ಇದಕ್ಕೇ, ಯಾಕೆಂದರೆ ಅದು ಎಡಗಡೆ ಇರುತ್ತದೆ.

ಮೂರನೆಯದೇ ನನ್ನನ್ನು ಯೋಚನೆಗೆ ಹಚ್ಚಿದ್ದು. ಎದೆ ಮಧ್ಯೆ ಬಿಗಿತ, ದವಡೆಗೆ ಎಳೆತ, ಶ್ರಮ ಪಟ್ಟಾಗ ಬರುವುದು, ನಿಂತರೆ ಹೋಗುವುದು. ಇದು ಹೃದಯಕ್ಕೆ ರಕ್ತ ಸಾಲದೆ ಬರುವ ನೋವಿನ ಲಕ್ಷಣ. ಇದನ್ನು ಆಂಜೈನಾ ಅನ್ನುತ್ತೇವೆ. ಬೇರೆ ಕಾರಣ ಇರಲಾರದು ಅಂತ ಕಾಗದ ನೋಡಿ ಹೇಳಲಾರೆ. ಆದರೆ 46 ವರ್ಷ, ಬಿಪಿ, ಬೀಡಿ, ತಂದೆಗೆ ಚಿಕ್ಕ ವಯಸ್ಸಿಗೇ ಬೈಪಾಸ್, ಇಷ್ಟು ಇರುವವರಲ್ಲಿ ಇದನ್ನು ಹೃದಯದ್ದು ಅಂತಲೇ ಇಟ್ಟುಕೊಂಡು ಪರೀಕ್ಷೆ ಶುರು ಮಾಡಬೇಕು. ಅದೂ ಮೂರು ವಾರದಿಂದ ಹೊಸದಾಗಿ ಶುರುವಾಗಿದೆ. ವರ್ಷಗಳಿಂದ ಒಂದೇ ರೀತಿ ಇರುವ ನೋವಿಗಿಂತ ಹೊಸದಾಗಿ ಬಂದ, ದಿನೇದಿನೇ ಜಾಸ್ತಿಯಾಗುತ್ತಿರುವ ನೋವಿಗೆ ನಾವು ಹೆಚ್ಚು ಹೆದರುತ್ತೇವೆ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಎದೆನೋವು ಅಂತ ಬಂದವರಿಗೆ ನಾನು ‘ಎಲ್ಲಿ ನೋವು?’ ಅಂತ ಕೇಳುವುದಿಲ್ಲ. ‘ತೋರಿಸಿ’ ಅನ್ನುತ್ತೇನೆ. ಆಮೇಲೆ ಅವರ ಕೈ ನೋಡುತ್ತೇನೆ. ಕೆಲವರು ಒಂದು ಬೆರಳಿಂದ ‘ಇಗೋ, ಇಲ್ಲಿ ಸಾರ್’ ಅಂತ ಒಂದು ಬಿಂದು ತೋರಿಸುತ್ತಾರೆ. ಕೆಲವರು ಹೊಟ್ಟೆಯ ಮೇಲಿಂದ ಗಂಟಲಿನವರೆಗೆ ಕೈಯನ್ನು ಮೇಲಕ್ಕೆ ಎಳೆದು ಉರಿ ಏರುವ ದಾರಿ ತೋರಿಸುತ್ತಾರೆ. ಇನ್ನು ಕೆಲವರು ಅಂಗೈಯನ್ನು ಎದೆ ಮಧ್ಯೆ ಅಗಲವಾಗಿ ಇಡುತ್ತಾರೆ, ಅಥವಾ ಮುಷ್ಟಿ ಕಟ್ಟಿ ನಡುಮೂಳೆಯ ಮೇಲೆ ಒತ್ತುತ್ತಾರೆ. ಆ ಮುಷ್ಟಿ ಕಂಡ ಕೂಡಲೇ ನಾನು ನರ್ಸ್‌ಗೆ ಇಸಿಜಿ ತನ್ನಿ ಅನ್ನುತ್ತೇನೆ, ಮಾತು ಆಮೇಲೆ. ಇಂಥವರು ಎಷ್ಟೋ ಸಲ ‘ನೋವು’ ಅನ್ನುವುದೇ ಇಲ್ಲ. ‘ನೋವಲ್ಲ ಸಾರ್, ಏನೋ ಭಾರ’, ‘ಕಲ್ಲು ಇಟ್ಟ ಹಾಗೆ’, ‘ಹಿಂಡಿದ ಹಾಗೆ’ ಅನ್ನುತ್ತಾರೆ. ನೋವು ಅನ್ನಿಸದೆ ಇರುವುದರಿಂದಲೇ ಎರಡು ದಿನ ಮನೆಯಲ್ಲಿ ಕೂತು ಬಂದವರಿದ್ದಾರೆ.

ಕೈ ನೋಡಿ ಕಾಯಿಲೆ ನಿರ್ಧಾರ ಮಾಡಲು ಆಗುವುದಿಲ್ಲ. ಬೆರಳು ತೋರಿಸಿದವರಲ್ಲೂ ಹೃದಯದ ತೊಂದರೆ ಕಂಡಿದ್ದೇನೆ. ನೋವು ಎಡಗಡೆ ಇದೆಯಾ, ಬಲಗಡೆ ಇದೆಯಾ ಅನ್ನುವುದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಬೇರೆ. ಏನು ಮಾಡುವಾಗ ಬರುತ್ತೆ? ಏನು ಮಾಡಿದರೆ ಹೋಗುತ್ತೆ? ಎಷ್ಟು ಹೊತ್ತು ಇರುತ್ತೆ? ಜೊತೆಗೆ ಬೆವರು, ಉಬ್ಬಸ, ವಾಕರಿಕೆ ಇದೆಯಾ? ನಿಮ್ಮ ಮೂರು ನೋವುಗಳನ್ನೂ ಈ ಪ್ರಶ್ನೆಗಳ ಮುಂದೆ ಇಟ್ಟು ನೋಡಿ. ಮೂರೂ ಬೇರೆ ಬೇರೆ ಅಂತ ನಿಮಗೇ ಗೊತ್ತಾಗುತ್ತದೆ.

ದವಡೆಗೆ ಯಾಕೆ ಎಳೆಯುತ್ತದೆ ಅನ್ನುವುದು ಸಹಜವಾದ ಅನುಮಾನ. ಚರ್ಮದ ಮೇಲೆ ಇರುವೆ ಕಚ್ಚಿದರೆ ಎಲ್ಲಿ ಅಂತ ಕಣ್ಣು ಮುಚ್ಚಿ ಹೇಳಬಹುದು. ಒಳಗಿನ ಅಂಗಗಳಿಗೆ ಅಷ್ಟು ಸೂಕ್ಷ್ಮವಾದ ನರಗಳಿಲ್ಲ. ಹೃದಯದ ನೋವನ್ನು ಹೊತ್ತು ತರುವ ನರಗಳು ಬೆನ್ನುಹುರಿಯಲ್ಲಿ ಸೇರುವ ಜಾಗಕ್ಕೇ ಎದೆ, ತೋಳಿನ ನರಗಳೂ ಬಂದು ಸೇರುತ್ತವೆ. ಅನ್ನನಾಳದ ನರಗಳೂ ಸುಮಾರು ಅಲ್ಲೇ. ಸುದ್ದಿ ಎಲ್ಲಿಂದ ಬಂತು ಅಂತ ಮೆದುಳಿಗೆ ಗೊಂದಲ. ಅದಕ್ಕೇ ಹೃದಯದ ನೋವು ರಟ್ಟೆಯಲ್ಲಿ, ದವಡೆಯಲ್ಲಿ, ಬೆನ್ನಲ್ಲಿ, ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಹಲ್ಲುನೋವು ಅಂತ ಹಲ್ಲಿನ ಡಾಕ್ಟರ ಹತ್ತಿರ ಹೋದವರೂ ಇದ್ದಾರೆ.

ಗ್ಯಾಸ್ ಅನ್ನುವ ಮಾತು ನಮ್ಮಲ್ಲಿ ಇಷ್ಟು ಬಲವಾಗಿ ಕೂತಿರುವುದಕ್ಕೂ ಇದೇ ಕಾರಣ. ಹೃದಯದ ಕೆಳಭಾಗದ ಗೋಡೆಗೆ ರಕ್ತ ನಿಂತಾಗ ವಾಕರಿಕೆ, ವಾಂತಿ, ತೇಗು, ಹೊಟ್ಟೆ ಉಬ್ಬರಿಸಿದ ಹಾಗೆ ಆಗುವುದು ಎಲ್ಲಾ ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಒಬ್ಬರು ಬಂದಿದ್ದರು. ಕೈಯಲ್ಲಿ ಅರ್ಧ ಕುಡಿದ ಜೀರಿಗೆ ಸೋಡಾ ಬಾಟಲಿ. ‘ಗ್ಯಾಸ್ ಸಾರ್, ತೇಗು ಬಂತು, ಈಗ ಪರವಾಗಿಲ್ಲ, ಮುಂದಿನವರನ್ನು ನೋಡಿ’ ಅಂತ ಬೆಂಚಿನ ಮೇಲೆ ಕೂತರು. ಅಂಗಿಯ ಬೆನ್ನು ಪೂರ್ತಿ ಒದ್ದೆ. ಫ್ಯಾನ್ ಕೆಳಗೆ ಕೂತಿದ್ದರೂ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಇಸಿಜಿ ತೆಗೆಯಲು ಹೋದರೆ ಎದೆಯ ಮೇಲೆ ಹಚ್ಚಿದ ಬಟ್ಟಲುಗಳು ಬೆವರಿಗೆ ಜಾರಿ ಜಾರಿ ಬೀಳುತ್ತಿದ್ದವು. ಹತ್ತಿ ಬಟ್ಟೆಯಲ್ಲಿ ಒರೆಸಿ ಒರೆಸಿ ಹಚ್ಚಬೇಕಾಯಿತು. ಕಾಗದ ಹೊರಗೆ ಬಂದಾಗ ಹೃದಯದ ಕೆಳಗೋಡೆಯ ಹಾರ್ಟ್ ಅಟ್ಯಾಕ್ ಸ್ಪಷ್ಟವಾಗಿ ಕಾಣುತ್ತಿತ್ತು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಬೇಗ ಕೊಡಲು ಸಾಧ್ಯವಾಯಿತು, ಅವರು ಉಳಿದರು. ಅವರನ್ನು ಉಳಿಸಿದ್ದು ಆ ಒದ್ದೆ ಅಂಗಿ. ಅವರಂತೂ ಗ್ಯಾಸ್ ಅಂತಲೇ ನಂಬಿದ್ದರು.

ಅದಕ್ಕೇ ಇದನ್ನು ದಯವಿಟ್ಟು ನೆನಪಿಡಿ. ಈನೋ, ಸೋಡಾ, ಜೆಲುಸಿಲ್ ಕುಡಿದ ಮೇಲೆ ಎದೆನೋವು ಕಡಿಮೆ ಆಯಿತು ಅಂದ ಮಾತ್ರಕ್ಕೆ ಅದು ಗ್ಯಾಸ್ ಅಂತ ಆಗುವುದಿಲ್ಲ. ಹೃದಯದ ನೋವೂ ತಾನೇ ಏರಿ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಸೋಡಾ ಕುಡಿದಿದ್ದರೆ ಹೆಸರು ಸೋಡಾಕ್ಕೆ ಹೋಗುತ್ತದೆ. ಇದರ ಉಲ್ಟಾ ಕೂಡ ನಿಜ. ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಮಾತ್ರೆ ಇಟ್ಟ ಮೇಲೆ ಕಡಿಮೆ ಆಯಿತು, ಆದ್ದರಿಂದ ಹೃದಯದ್ದೇ ಅಂತಲೂ ಹೇಳುವಂತಿಲ್ಲ. ಅನ್ನನಾಳ ಬಿಗಿದುಕೊಂಡಾಗ ಬರುವ ನೋವೂ ಅದರಿಂದ ಇಳಿಯುತ್ತದೆ.

ಹೆಂಗಸರ ವಿಷಯದಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ ಇದು ಇನ್ನೂ ಕಷ್ಟ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಸಕ್ಕರೆ ಕಾಯಿಲೆಯ ಒಬ್ಬ ತಾಯಿ ಬಂದಿದ್ದರು. ‘ಕೈ ಸೋಲ್ತಿದೆ ಕಣಪ್ಪ, ಹೊಟ್ಟೆ ತೊಳಸ್ತಿದೆ’ ಅಂದರು. ಎದೆನೋವು ಅಂತ ಒಂದು ಸಲವೂ ಹೇಳಲಿಲ್ಲ. ನಾನು ಹೊಟ್ಟೆಯದ್ದು ಅಂದುಕೊಂಡೆ. ಇಂಜೆಕ್ಷನ್ ಕೊಟ್ಟು ಕಳಿಸಿದೆ, ಇಸಿಜಿ ಮಾಡಿಸಲಿಲ್ಲ. ಸಂಜೆ ಉಬ್ಬಸದಿಂದ ವಾಪಸ್ ಬಂದರು. ಹಾರ್ಟ್ ಅಟ್ಯಾಕ್ ಆಗಿ ಗಂಟೆಗಳಾಗಿದ್ದವು. ಅವರು ಬದುಕಿದರು, ಆದರೆ ಹೃದಯದ ಪಂಪು ಅರ್ಧಕ್ಕೆ ಇಳಿದಿತ್ತು. ಆಮೇಲೆ ಹತ್ತು ಹೆಜ್ಜೆ ನಡೆದರೆ ಕೂರಬೇಕಾಗುತ್ತಿತ್ತು. ಅದು ನನ್ನ ತಪ್ಪು. ಅಂದಿನಿಂದ ಕಾರಣವಿಲ್ಲದ ಸುಸ್ತು, ಬೆವರು, ವಾಂತಿ, ಉಬ್ಬಸ ಅಂತ ಸಕ್ಕರೆ ಕಾಯಿಲೆಯವರು ಬಂದರೆ ಮೊದಲು ಇಸಿಜಿ. ನಿಮ್ಮ ಮನೆಯಲ್ಲೂ ತಾಯಿಯೋ ಅತ್ತೆಯೋ ಇದ್ದರೆ ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

‘ಇಸಿಜಿ ನಾರ್ಮಲ್ ಬಂತು’ ಅಂತ ಬರೆದಿದ್ದೀರಿ. ಅದು ಒಳ್ಳೆಯದೇ. ಆದರೆ ಆ ಕಾಗದ ಏನು ಹೇಳುತ್ತದೆ ಗೊತ್ತಾ? ನೀವು ಮಂಚದ ಮೇಲೆ ಆರಾಮಾಗಿ ಮಲಗಿದ್ದ ಆ ಹತ್ತು ಸೆಕೆಂಡು ಹೃದಯ ಹೇಗಿತ್ತು ಅಂತ ಮಾತ್ರ. ತೋಟದ ಪೈಪಿನ ಲೆಕ್ಕ ನಿಮಗೆ ಗೊತ್ತಿರುತ್ತದೆ. ಪೈಪಿನೊಳಗೆ ಪಾಚಿ ಕಟ್ಟಿ ಮುಕ್ಕಾಲು ಭಾಗ ಮುಚ್ಚಿದ್ದರೂ, ಒಂದು ವಾಲ್ವ್ ತೆಗೆದಾಗ ನೀರು ಸರಿಯಾಗೇ ಬರುತ್ತದೆ. ನಾಲ್ಕೂ ವಾಲ್ವ್ ತೆಗೆದಾಗ ಕೊನೆಯ ಸಾಲಿನ ತೆಂಗಿಗೆ ನೀರು ಹೋಗುವುದಿಲ್ಲ. ಹೃದಯದ ರಕ್ತನಾಳವೂ ಹಾಗೇ. ಕೂತಾಗ ಬೇಕಾದಷ್ಟು ರಕ್ತ ಸಿಗುತ್ತದೆ, ಮೆಟ್ಟಿಲು ಹತ್ತುವಾಗ ಸಾಲುವುದಿಲ್ಲ. ಆದ್ದರಿಂದ ಆಂಜೈನಾ ಇರುವ ಎಷ್ಟೋ ಜನರ ಇಸಿಜಿ ಪೂರ್ತಿ ನಾರ್ಮಲ್ ಇರುತ್ತದೆ. ಹಾರ್ಟ್ ಅಟ್ಯಾಕ್ ಆಗುತ್ತಿರುವಾಗಲೂ ಮೊದಲ ಇಸಿಜಿಯಲ್ಲಿ ಗೊತ್ತಾಗದೆ ಇರಬಹುದು. ಅದಕ್ಕೇ ನೋವು ಇದ್ದರೆ 15-30 ನಿಮಿಷ ಬಿಟ್ಟು ಮತ್ತೆ ತೆಗೆಯುತ್ತೇವೆ, ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆ ಮಾಡುತ್ತೇವೆ. ಹೃದಯದ ಮಾಂಸಖಂಡಕ್ಕೆ ಪೆಟ್ಟಾದರೆ ಆ ಅಂಶ ರಕ್ತದಲ್ಲಿ ಏರುತ್ತದೆ. ಏರಲು ಕೆಲವು ಗಂಟೆ ಬೇಕು, ಹಾಗಾಗಿ ಅದನ್ನೂ ಒಂದೇ ಸಲ ನೋಡಿ ಬಿಡುವುದಿಲ್ಲ.

ಪೈಪಿನ ಹೋಲಿಕೆ ಅರ್ಧ ಕಥೆ ಅಷ್ಟೇ. ರಕ್ತನಾಳದ ಗೋಡೆಯಲ್ಲಿ ಕಟ್ಟಿದ ಕೊಬ್ಬಿನ ಪದರ ಒಂದು ದಿನ ಇದ್ದಕ್ಕಿದ್ದ ಹಾಗೆ ಬಿರಿಯಬಹುದು. ಬಿರಿದ ಜಾಗದಲ್ಲಿ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚುತ್ತದೆ. ಹಾರ್ಟ್ ಅಟ್ಯಾಕ್ ಅಂದರೆ ಇದು. ಅರ್ಧದಷ್ಟೂ ಕಿರಿದಾಗದ ಜಾಗದಲ್ಲೂ ಹೀಗಾಗುತ್ತದೆ. ಹೋದ ತಿಂಗಳು ಟ್ರೆಡ್‌ಮಿಲ್ ಪರೀಕ್ಷೆ ಸರಿಯಿದ್ದವರಿಗೂ ಹಾರ್ಟ್ ಅಟ್ಯಾಕ್ ಆಗುವುದು ಇದರಿಂದಲೇ. ಬೀಡಿ, ಬಿಪಿ, ಸಕ್ಕರೆ ಈ ಪದರವನ್ನು ಬೆಳೆಸುವುದಷ್ಟೇ ಅಲ್ಲ, ಬಿರಿಯುವುದಕ್ಕೂ ದಾರಿ ಮಾಡುತ್ತವೆ. ಬೀಡಿ ಸಿಗರೇಟಿಗಿಂತ ಮೇಲು ಅನ್ನುವ ಮಾತು ಸುಳ್ಳು. ಬಿಟ್ಟ ಒಂದು ವರ್ಷಕ್ಕೆ ಸೇದುವವರಿಗೆ ಹೋಲಿಸಿದರೆ ಹೃದಯದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಾನು ಬರೆದು ಕೊಡುವ ಮಾತ್ರೆಗಳಲ್ಲಿ ಇಷ್ಟು ಕೆಲಸ ಮಾಡುವಂಥದ್ದು ಹೆಚ್ಚಿಲ್ಲ.

ಹಾಸನದ ಸುದ್ದಿ ಮತ್ತು ಪುನೀತ್ ರಾಜ್‌ಕುಮಾರ್ ಅವರ ವಿಷಯ ಬರೆದಿದ್ದೀರಿ. ಪುನೀತ್ ತೀರಿಕೊಂಡ 2021ರ ಅಕ್ಟೋಬರ್ 29ರ ನಂತರ ಎಷ್ಟೋ ಜನ ಎದೆ ಹಿಡಿದುಕೊಂಡು ನಮ್ಮ ಬಳಿ ಬಂದರು. 2025ರ ಜೂನ್, ಜುಲೈಯಲ್ಲಿ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತ್ತು. ಆ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಹಾಸನದಲ್ಲಿ ಹೃದಯದ ಸಾವುಗಳು ಅಸಹಜವಾಗಿ ಏರಿಲ್ಲ ಅಂತ ಹೇಳಿತು. ಕೋವಿಡ್ ಲಸಿಕೆಯಿಂದ ಹೀಗಾಗುತ್ತಿದೆ ಅಂತಲೂ ಹಬ್ಬಿತ್ತು. 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆ ಅಪಾಯವನ್ನು ಹೆಚ್ಚಿಸಿದ್ದು ಕಾಣಲಿಲ್ಲ. ನಿಜವಾಗಿ ಯೋಚಿಸಬೇಕಾದ ಅಂಶ ಹಳೆಯದು. ಬೇರೆ ದೇಶದವರಿಗೆ ಹೋಲಿಸಿದರೆ ನಮ್ಮ ಕಡೆಯವರಿಗೆ ಮೊದಲ ಹಾರ್ಟ್ ಅಟ್ಯಾಕ್ ಐದಾರು ವರ್ಷ ಮೊದಲೇ ಬರುತ್ತದೆ. 46 ಅನ್ನುವುದು ನಮ್ಮಲ್ಲಿ ‘ಇನ್ನೂ ಚಿಕ್ಕ ವಯಸ್ಸು’ ಅಂತ ಸುಮ್ಮನಿರುವ ವಯಸ್ಸಲ್ಲ.

ಎದೆನೋವಿನ ಬೇರೆ ಕಾರಣಗಳನ್ನೂ ಹೇಳಿಬಿಡುತ್ತೇನೆ, ಎಲ್ಲವೂ ಹೃದಯದ್ದಲ್ಲ. ಉಸಿರು ಎಳೆದಾಗ, ಕೆಮ್ಮಿದಾಗ ಚುಚ್ಚುವ ನೋವು, ಜೊತೆಗೆ ಜ್ವರ ಇದ್ದರೆ ನ್ಯುಮೋನಿಯಾ ಇರಬಹುದು. ಎದೆಯ ಒಂದು ಪಕ್ಕ ಪಟ್ಟಿ ಕಟ್ಟಿದ ಹಾಗೆ ಉರಿದು, ಎರಡು ಮೂರು ದಿನಕ್ಕೆ ಗುಳ್ಳೆ ಎದ್ದರೆ ಸರ್ಪಸುತ್ತು. ಎಣ್ಣೆ ಪದಾರ್ಥ ತಿಂದ ಮೇಲೆ ಬಲಪಕ್ಕೆಯ ಕೆಳಗೆ ಹಿಡಿದುಕೊಂಡು ಬೆನ್ನಿಗೆ ಹೋದರೆ ಪಿತ್ತಕೋಶದ ಕಲ್ಲು. ವಿಪರೀತ ಗಾಬರಿಯಲ್ಲೂ ಎದೆ ಬಿಗಿಯುತ್ತದೆ, ಕೈ ಜುಮ್ಮೆನ್ನುತ್ತದೆ. ಅದು ನಾಟಕವಲ್ಲ, ನಿಜವಾದ ನೋವೇ. ಆದರೆ ಗಾಬರಿ ಅಂತ ಹೇಳುವ ಮೊದಲು ಹೃದಯವನ್ನು ಪರೀಕ್ಷೆ ಮಾಡಿ ಮುಗಿಸಿರಬೇಕು.

ಹಾರ್ಟ್ ಅಟ್ಯಾಕ್ ಬಿಟ್ಟು ಇನ್ನೂ ಮೂರಕ್ಕೆ ತಡ ಮಾಡುವಂತಿಲ್ಲ. ಬೆನ್ನಿನ ಮಧ್ಯೆ ಏನೋ ಹರಿದ ಹಾಗೆ, ಇದ್ದಕ್ಕಿದ್ದಂತೆ ಅತಿ ಜೋರಾಗಿ ಬರುವ ನೋವು ಮಹಾಪಧಮನಿಯ ಗೋಡೆ ಸೀಳಿದ್ದರಿಂದ ಇರಬಹುದು. ಬಿಪಿ ಜಾಸ್ತಿ ಇರುವವರು ಇದನ್ನು ತಿಳಿದಿರಬೇಕು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದವರಲ್ಲಿ, ಹೆರಿಗೆಯಾದವರಲ್ಲಿ, ತುಂಬಾ ದೂರ ಕೂತು ಪ್ರಯಾಣ ಮಾಡಿದವರಲ್ಲಿ ಒಂದು ಕಾಲು ಊದಿ, ಆಮೇಲೆ ಎದೆನೋವು, ಉಬ್ಬಸ ಬಂದರೆ ಕಾಲಿನ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. ತೆಳ್ಳಗೆ ಎತ್ತರವಾಗಿರುವ ಹುಡುಗರಲ್ಲಿ ಒಮ್ಮೆಲೇ ಒಂದು ಪಕ್ಕ ನೋವು, ಉಸಿರು ಕಟ್ಟುವುದು ಶ್ವಾಸಕೋಶದ ಗಾಳಿ ಸೋರಿದ್ದರಿಂದ ಇರಬಹುದು.

ಈಗ 108ಕ್ಕೆ ಯಾವಾಗ ಫೋನ್ ಮಾಡಬೇಕು ಅನ್ನುವುದು. ಎದೆ ಮಧ್ಯೆ ಭಾರ, ಬಿಗಿತ, ಹಿಂಡಿದ ಹಾಗೆ ಆಗಿ ಹತ್ತು ಹದಿನೈದು ನಿಮಿಷ ದಾಟಿದರೆ ಮಾಡಿ. ಎದೆನೋವಿನ ಜೊತೆ ತಣ್ಣನೆ ಬೆವರು, ಉಬ್ಬಸ, ವಾಂತಿ, ಕಣ್ಣು ಕತ್ತಲೆ ಇದ್ದರೆ ಅಷ್ಟು ಹೊತ್ತೂ ಕಾಯಬೇಡಿ. ಮೊದಲು ಎರಡು ಮಹಡಿ ಹತ್ತಿದರೆ ಬರುತ್ತಿದ್ದ ನೋವು ಈಗ ಹತ್ತು ಮೆಟ್ಟಿಲಿಗೇ ಬರ್ತಿದೆ ಅಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ನಡುರಾತ್ರಿ ಆದರೂ ಬೆಳಗಾಗಲಿ ಅನ್ನಬೇಡಿ. ಹಾರ್ಟ್ ಅಟ್ಯಾಕ್‌ಗಳು ಬೆಳಗಿನ ಜಾವ, ಬೆಳಗ್ಗೆ ಹೊತ್ತಲ್ಲೇ ಜಾಸ್ತಿ. ರಕ್ತ ನಿಂತ ಇಪ್ಪತ್ತು, ಮೂವತ್ತು ನಿಮಿಷಕ್ಕೆ ಹೃದಯದ ಮಾಂಸ ಸಾಯಲು ಶುರುವಾಗುತ್ತದೆ. ಆರೇಳು ಗಂಟೆ ಹೊತ್ತಿಗೆ ಆಗಬೇಕಾದ ನಷ್ಟದ ಬಹುಪಾಲು ಆಗಿಹೋಗಿರುತ್ತದೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಹೊತ್ತು ಕಳೆದುಹೋಗುವುದು ರಸ್ತೆಯಲ್ಲಿ ಅಲ್ಲ. ‘ಹೋಗೋಣವಾ ಬೇಡವಾ’ ಅಂತ ಮನೆಯಲ್ಲಿ ಕೂತು ಮಾತಾಡುವುದರಲ್ಲಿ.

ಫೋನ್ ಮಾಡಿದ ಮೇಲೆ ನಡೆದಾಡಬೇಡಿ. ಗೋಡೆಗೆ ಒರಗಿ ಕೂತುಕೊಳ್ಳಿ, ಉಸಿರಾಟಕ್ಕೆ ಹಗುರ ಆಗುತ್ತದೆ. ಬಾಗಿಲ ಚಿಲಕ ತೆಗೆದಿಡಿ. ಸ್ವತಃ ಬೈಕ್ ಓಡಿಸಿಕೊಂಡು ಹೋಗಬೇಡಿ. ಬೈಕಲ್ಲಿ ಹಿಂದೆ ಕೂತು ಬರುವುದೂ ಬೇಡ, ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಹಿಡಿಯುವವರಿಲ್ಲ. ಆಂಬುಲೆನ್ಸ್ ಬರಲು ತುಂಬಾ ಹೊತ್ತಾಗುತ್ತೆ ಅಂದರೆ ಪಕ್ಕದ ಮನೆಯವರ ಕಾರು ಹತ್ತಿ. 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿದರೆ ಹೆಪ್ಪು ಬೆಳೆಯುವುದು ತಗ್ಗುತ್ತದೆ. 75ರ ಮಾತ್ರೆ ಇದ್ದರೆ ನಾಲ್ಕು. ಆದರೆ ಆಸ್ಪಿರಿನ್ ಅಲರ್ಜಿ ಇರುವವರು, ಹೊಟ್ಟೆಯ ಹುಣ್ಣಿನಿಂದ ರಕ್ತ ಹೋದವರು, ಮೆದುಳಿನಲ್ಲಿ ರಕ್ತಸ್ರಾವ ಆದವರು ತಗೊಳ್ಳಬಾರದು. ಬೆನ್ನಲ್ಲಿ ಹರಿದ ಹಾಗಿನ ನೋವಿದ್ದರೂ ಬೇಡ. ನಿಮಗೆ ಹೊಟ್ಟೆಯ ತೊಂದರೆ ಇರುವುದರಿಂದ ಇದನ್ನು ಈ ವಾರ ನೋಡುವ ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಗೆಳೆಯ ಹೇಳಿದ ಸಾರ್ಬಿಟ್ರೇಟ್ ಬಗ್ಗೆ ನನ್ನ ಸಲಹೆ ಸ್ಪಷ್ಟ. ಡಾಕ್ಟರು ನಿಮಗೆ ಬರೆದುಕೊಟ್ಟರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೇಡ. ಅದು ರಕ್ತನಾಳಗಳನ್ನು ಹಿಗ್ಗಿಸಿ ನೋವು ತಗ್ಗಿಸುತ್ತದೆ, ಹೆಪ್ಪನ್ನು ಕರಗಿಸುವುದಿಲ್ಲ. ಬಿಪಿ ಒಮ್ಮೆಲೇ ಇಳಿಸುತ್ತದೆ. ಹೃದಯದ ಬಲಭಾಗಕ್ಕೆ ಪೆಟ್ಟಾದ ಹಾರ್ಟ್ ಅಟ್ಯಾಕ್‌ನಲ್ಲಿ ಇದರಿಂದ ಪ್ರಾಣಕ್ಕೇ ಅಪಾಯ. ವಯಾಗ್ರದಂಥ ಮಾತ್ರೆ ತಗೊಂಡವರಿಗೂ ಹಾಗೇ. ಡಾಕ್ಟರ ಮುಂದೆ ಆ ಮಾತ್ರೆಯ ವಿಷಯ ಹೇಳಲು ಗಂಡಸರು ನಾಚಿಕೊಳ್ಳುತ್ತಾರೆ. ನಾಚಿಕೊಳ್ಳಬೇಡಿ, ನಮಗೆ ಅದು ತಿಳಿಯಲೇಬೇಕು.

ಕೆಮ್ಮುವ ಸಂದೇಶ ಅಪಾಯದ್ದು. ಕೆಮ್ಮಿದರೆ ಮುಚ್ಚಿದ ನಾಳ ತೆರೆಯುವುದಿಲ್ಲ. ಫೋನ್ ಮಾಡಬೇಕಾದ ಹೊತ್ತು ಕೆಮ್ಮುವುದರಲ್ಲಿ ಹೋಗುತ್ತದೆ, ಅಷ್ಟೇ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕಾಯಿಸಿ ಕುಡಿದರೆ ಬ್ಲಾಕ್ ಕರಗುತ್ತೆ ಅನ್ನುವುದೂ ನಿಜವಲ್ಲ. ಮನೆಯವರು ಕಲಿಯಬೇಕಾದ್ದು ಬೇರೆ. ಮನುಷ್ಯ ಕುಸಿದು ಬಿದ್ದು, ಕರೆದರೆ ಓಗೊಡದೆ, ಉಸಿರಾಡದೆ ಇದ್ದರೆ ಎದೆಯ ಮಧ್ಯೆ ಎರಡು ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಆಳಕ್ಕೆ ಇಳಿಯುವಷ್ಟು ಜೋರಾಗಿ, ಸಹಾಯ ಬರುವವರೆಗೂ ಒತ್ತುತ್ತಾ ಇರಬೇಕು.

ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಈಗಲೇ ತೀರ್ಮಾನ ಮಾಡಿಟ್ಟುಕೊಳ್ಳಿ. ಮೊದಲು ಬೇಕಾಗಿರುವುದು ಇಸಿಜಿ ಮಾಡಿ ಇಂಜೆಕ್ಷನ್ ಕೊಡಬಲ್ಲ ಹತ್ತಿರದ ಜಾಗ. ನೇರವಾಗಿ ಬೆಂಗಳೂರಿಗೆ ಹೊರಟು ತಿಪಟೂರು, ತುಮಕೂರಿನ ದಾರಿಯಲ್ಲಿ ಹೊತ್ತು ಕಳೆಯಬೇಡಿ. ಪುನೀತ್ ಅವರ ಹೆಸರಲ್ಲೇ ಸರ್ಕಾರ ಹೃದಯಜ್ಯೋತಿ ಯೋಜನೆ ಶುರು ಮಾಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ಹೊರಗೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ, ರಾತ್ರಿ ಹೊತ್ತೂ ಇದೆಯಾ ಅಂತ ಒಮ್ಮೆ ಹೋಗಿ ಕೇಳಿ ಬನ್ನಿ. ಇಲ್ಲದಿದ್ದರೆ ಹಾಸನ ಸುಮಾರು 45 ಕಿಲೋಮೀಟರ್, ಅಲ್ಲಿಗೆ ಅಂತ ಗೊತ್ತಿರಲಿ.

ಇನ್ನು ಪರೀಕ್ಷೆಗಳು. ಡಾಕ್ಟರು ಮತ್ತೊಮ್ಮೆ ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ರಕ್ತದ ಸಕ್ಕರೆ, ಕೊಲೆಸ್ಟ್ರಾಲ್ ನೋಡುತ್ತಾರೆ. ಅದರ ಮುಂದೆ ದಾರಿ ಕವಲೊಡೆಯುತ್ತದೆ. ಟ್ರೆಡ್‌ಮಿಲ್ ಮೇಲೆ ನಡೆಸುವ ಟಿಎಂಟಿ ಅಗ್ಗ, ಸುಲಭ. ಆದರೆ ಇರುವ ಬ್ಲಾಕನ್ನು ಕೆಲವು ಸಲ ಬಿಟ್ಟುಬಿಡುತ್ತದೆ, ಇಲ್ಲದ್ದನ್ನು ಇದೆ ಅನ್ನುತ್ತದೆ. ಕೂತಾಗಲೂ ನೋವು ಬರುತ್ತಿದ್ದರೆ ಟಿಎಂಟಿ ಮಾಡಲೇಬಾರದು. ಅದಕ್ಕೇ ‘ಪ್ಯಾಕೇಜ್ ಇದೆ’ ಅಂತ ಲ್ಯಾಬಿಗೆ ನೀವೇ ಹೋಗಿ ಮಾಡಿಸಬೇಡಿ. ಸಿಟಿ ಆಂಜಿಯೋಗ್ರಾಂನಲ್ಲಿ ಕೈ ನರಕ್ಕೆ ಔಷಧಿ ಬಿಟ್ಟು ಸ್ಕ್ಯಾನ್ ಮಾಡುತ್ತಾರೆ, ತಂತಿ ಹಾಕುವುದಿಲ್ಲ. ಬ್ಲಾಕ್ ಇಲ್ಲ ಅಂತ ಅದು ಹೇಳಿದರೆ ಬಹುಮಟ್ಟಿಗೆ ನಂಬಬಹುದು. ಕಿಡ್ನಿ ತೊಂದರೆ ಇರುವವರಿಗೆ ಆ ಔಷಧಿ ಎಚ್ಚರದಿಂದ ಕೊಡಬೇಕು. ನಿಮ್ಮ ನೋವು ಜಾಸ್ತಿಯಾಗುತ್ತಿದ್ದರೆ ಡಾಕ್ಟರು ನೇರವಾಗಿ ಆಂಜಿಯೋಗ್ರಾಂ ಅನ್ನಬಹುದು.

ಆಂಜಿಯೋಗ್ರಾಂ ಭಯದ ಬಗ್ಗೆ. ರಕ್ತನಾಳದೊಳಗೆ ಸಣ್ಣ ತಂತಿ ಬಿಟ್ಟು ಬ್ಲಾಕ್ ಎಲ್ಲಿದೆ ಅಂತ ನೋಡುವ ಪರೀಕ್ಷೆ ಇದು, ಈಗ ಹೆಚ್ಚಾಗಿ ಮಣಿಕಟ್ಟಿನಿಂದಲೇ ಮಾಡುತ್ತಾರೆ. ಸೂಜಿ ಚುಚ್ಚುವ ಜಾಗಕ್ಕೆ ಮಾತ್ರ ಮರಗಟ್ಟಿಸುತ್ತಾರೆ, ನೀವು ಎಚ್ಚರ ಇರುತ್ತೀರಿ. ಅರ್ಧ ಗಂಟೆಯ ಕೆಲಸ. ಕೈಯಲ್ಲಿ ರಕ್ತ ಕಟ್ಟುವುದು ಇರುತ್ತದೆ. ಪಾರ್ಶ್ವವಾಯು, ಹಾರ್ಟ್ ಅಟ್ಯಾಕ್‌ನಂಥ ದೊಡ್ಡ ತೊಂದರೆ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆಂಜಿಯೋಗ್ರಾಂ ಮಾಡಿಸಿದರೆ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ) ಹಾಕಿಯೇ ಬಿಡುತ್ತಾರೆ ಅಂತ ಜನ ಹೆದರುತ್ತಾರೆ. ಇಲ್ಲಿ ನೀವು ಪ್ರಶ್ನೆ ಕೇಳಬೇಕು. ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ, ಆಗ ಯೋಚಿಸುತ್ತಾ ಕೂರಬೇಡಿ. ಆದರೆ ಸ್ಥಿರವಾಗಿರುವ ಆಂಜೈನಾದಲ್ಲಿ ಲೆಕ್ಕ ಬೇರೆ. 2007ರಲ್ಲಿ ಒಂದು, 2020ರಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ಇನ್ನೊಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಸರಿಯಾಗಿ ಮಾತ್ರೆ ತಗೊಳ್ಳುವವರಿಗಿಂತ ಸ್ಟೆಂಟ್ ಹಾಕಿಸಿಕೊಂಡವರ ಆಯಸ್ಸು ಜಾಸ್ತಿಯಾಗಲಿಲ್ಲ ಅಂತ ಎರಡರಲ್ಲೂ ಕಂಡಿತು. ನೋವು ತಗ್ಗಿಸುವುದರಲ್ಲಿ ಸ್ಟೆಂಟ್ ಮುಂದಿತ್ತು. ಎಡಗಡೆಯ ಮುಖ್ಯ ನಾಳದಲ್ಲೇ ಬ್ಲಾಕ್ ಇದ್ದರೆ, ಪಂಪು ಕಡಿಮೆ ಆಗಿದ್ದರೆ ಈ ಮಾತು ಅನ್ವಯಿಸುವುದಿಲ್ಲ. ಆದ್ದರಿಂದ ‘ಇದು ಈಗಲೇ ಬೇಕಾ, ಮಾತ್ರೆಯಲ್ಲಿ ನೋಡಬಹುದಾ?’ ಅಂತ ಕೇಳಿ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಖರ್ಚಿನ ವಿಷಯಕ್ಕೆ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಹೃದಯದ ಚಿಕಿತ್ಸೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿಟ್ಟುಕೊಂಡು ಹೋಗಿ.

ಡಾಕ್ಟರ ಹತ್ತಿರ ಹೋಗುವಾಗ ‘ಗ್ಯಾಸ್ಟ್ರಿಕ್ ಇದೆ ಸಾರ್’ ಅಂತ ಶುರು ಮಾಡಬೇಡಿ. ಶುರುವಲ್ಲೇ ಆ ಮಾತು ಬಂದರೆ ಕೇಳುವವರ ಯೋಚನೆಯೂ ಅತ್ತ ಹರಿಯುತ್ತದೆ. ‘ಮೂರು ವಾರದಿಂದ ಮೆಟ್ಟಿಲು ಹತ್ತುವಾಗ ಎದೆ ಬಿಗಿದು ದವಡೆಗೆ ಎಳೆಯುತ್ತೆ, ನಿಂತರೆ ಹೋಗುತ್ತೆ, ನಮ್ಮ ತಂದೆಗೆ 52ಕ್ಕೆ ಬೈಪಾಸ್ ಆಗಿತ್ತು’ ಅಂತ ಮೊದಲು ಹೇಳಿ. ಹಳೆಯ ಇಸಿಜಿ ಕಾಗದ ಒಯ್ಯಿರಿ, ಹೊಸದರ ಜೊತೆ ಇಟ್ಟು ನೋಡಲು ಅದು ಬೇಕು. ಈಗ ತಗೊಳ್ಳುತ್ತಿರುವ ಮಾತ್ರೆಗಳ ಹಾಳೆಗಳನ್ನೂ ಒಯ್ಯಿರಿ. ಬಿಪಿ ಮಾತ್ರೆ ಬಿಟ್ಟಿದ್ದರೆ ಅದನ್ನೂ ಮುಚ್ಚಿಡಬೇಡಿ.

ಹೆಂಡತಿಗೆ ಹೇಳಿಲ್ಲ ಅಂತ ಬರೆದಿದ್ದೀರಿ. ಇವತ್ತು ಅಂಗಡಿ ಮುಚ್ಚಿ ಮನೆಗೆ ಹೋದ ಮೇಲೆ, ಊಟಕ್ಕೆ ಕೂರುವ ಮೊದಲು ಅವರಿಗೆ ಹೇಳಿ. ಹೆದರುತ್ತಾರೆ, ನಿಜ. ಆದರೆ ರಾತ್ರಿ ಎರಡು ಗಂಟೆಗೆ ನಿಮಗೆ ಎದೆ ಬಿಗಿದರೆ, ಅದು ದಿನಾ ಬರುವ ಉರಿಯಲ್ಲ ಅಂತ ಗುರುತಿಸಿ 108ಕ್ಕೆ ಫೋನ್ ಮಾಡಬೇಕಾದವರು ಅವರೇ. ಆಸ್ಪತ್ರೆಗೆ ಹೋಗುವಾಗಲೂ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.